ರೈಲಿನಲ್ಲಿ ಸಿಗ್ನಲ್ ಸಿಗುತ್ತಿಲ್ಲವೇ? ತೊಂದರೆ ಫೋನಿನಲ್ಲೋ, ಬೋಗಿಯಲ್ಲೋ, ದಾರಿಯಲ್ಲೋ ಪತ್ತೆ ಮಾಡಿ

ಅಪ್ಪನ ಆಪರೇಷನ್ ನಡೆದ ದಿನ ನಾನು ರೈಲಿನಲ್ಲಿದ್ದೆ. ತಮ್ಮ ಫೋನ್ ಮಾಡಿದ. "ಅಣ್ಣಾ, ಡಾಕ್ಟರ್ ಹೊರಗೆ ಬಂದ್ರು, ಏನಂದ್ರು ಅಂದ್ರೆ" ಅನ್ನುವಷ್ಟರಲ್ಲಿ ಕಾಲ್ ಕಟ್ ಆಯಿತು. ಮುಂದಿನ 22 ನಿಮಿಷ ಸಿಗ್ನಲ್ಲಿನ ಒಂದೇ ಒಂದು ಕಡ್ಡಿ ಬರುತ್ತಿತ್ತು, ಹೋಗುತ್ತಿತ್ತು. ಅಪ್ಪ ಚೆನ್ನಾಗಿದ್ದಾರೆ ಅಂತ ಗೊತ್ತಾಗಿದ್ದು ಮುಂದಿನ ಸ್ಟೇಷನ್ ಬಂದ ಮೇಲೆ. ಆ 22 ನಿಮಿಷವನ್ನು ನಾನಿನ್ನೂ ಮರೆತಿಲ್ಲ.

ಆಮೇಲೆ ನಾನು ಮಾಡಿಸಿದ್ದೆಲ್ಲ ತಪ್ಪು ರಿಪೇರಿ. ಮೊದಲು ಸಿಮ್ ಬದಲಾಯಿಸಿದೆ. ಆಮೇಲೆ ಫೋನ್ ಬಿಚ್ಚಿಸಿ ಹೊಸ ಆಂಟೆನಾ ಹಾಕಿಸಿದೆ. ಕೊನೆಗೆ ಕಂಪನಿಯನ್ನೇ ಬದಲಾಯಿಸಿದೆ. ಅದೇ ದಾರಿ, ಅದೇ ರೈಲು, ಅದೇ ಕಥೆ. ದೋಷ ಇದ್ದದ್ದು ನಾನು ಕೂರುತ್ತಿದ್ದ ಬೋಗಿಯಲ್ಲಿ. ಅದನ್ನು ಕಂಡುಹಿಡಿಯೋಕೆ ಇಪ್ಪತ್ತು ಹೆಜ್ಜೆ ನಡೆದು ಒಂದು ಅಂಕಿ ನೋಡಿದ್ದರೆ ಸಾಕಾಗಿತ್ತು.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಸಿಗ್ನಲ್ ಎಲ್ಲಿ ಸೋರಿ ಹೋಗುತ್ತಿದೆ ಅಂತ ನೋಡಿಕೊಳ್ಳಿ. ಟವರಿನಿಂದ ನಿಮ್ಮ ಕೈಗೆ ಬರುವಷ್ಟರಲ್ಲಿ ಅದು ಮೂರು ಕಡೆ ಸೋಲಬಹುದು. ಒಂದು, ಹಳಿಯ ಪಕ್ಕದಲ್ಲಿ ಟವರ್ ದೂರ ಇರಬಹುದು ಅಥವಾ ಗುಡ್ಡ ಅಡ್ಡ ಇರಬಹುದು. ಎರಡು, ಬೋಗಿಯ ಗೋಡೆ ಮತ್ತು ಗಾಜು ಅದನ್ನು ತಡೆಯಬಹುದು. ಮೂರು, ನಿಮ್ಮ ಫೋನೇ ಅದನ್ನು ಸರಿಯಾಗಿ ಹಿಡಿಯದೇ ಇರಬಹುದು. ಇದರ ಜೊತೆ ಇನ್ನೊಂದು ಬೇರೆಯೇ ಕಾಯಿಲೆ ಇದೆ. ಸಿಗ್ನಲ್ ಪೂರ್ತಿ ಇರುತ್ತೆ, ಆದರೆ ನೆಟ್ ಓಡಲ್ಲ. ಅದಕ್ಕೆ ಕೊನೆಗೆ ಬರುತ್ತೇನೆ.

ಕಡ್ಡಿ ಬೇಡ, ಅಂಕಿ ನೋಡಿ

ಪರದೆಯ ಮೂಲೆಯಲ್ಲಿ ಕಾಣುವ ಕಡ್ಡಿಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಫೋನಿನ ಮೂರು ಕಡ್ಡಿ ಇನ್ನೊಂದರಲ್ಲಿ ಎರಡಾಗಿ ಕಾಣಬಹುದು. ಅದರ ಹಿಂದೆ ಇರುವ ನಿಜವಾದ ಅಂಕಿಯನ್ನು ಡಿಬಿಎಂ (dBm) ಅನ್ನುವ ಸಿಗ್ನಲ್ ಬಲದ ಅಳತೆಯಲ್ಲಿ ಹೇಳುತ್ತಾರೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ 'ಅಬೌಟ್ ಫೋನ್', ಅದರೊಳಗೆ 'ಸಿಮ್ ಸ್ಟೇಟಸ್' ತೆರೆದರೆ ಸಿಗುತ್ತೆ. ಹಲವು ಮಾಡೆಲ್‌ಗಳಲ್ಲಿ ಡಯಲ್ ಮಾಡುವ ಜಾಗದಲ್ಲಿ *#*#4636#*#* ಒತ್ತಿದರೂ ಬರುತ್ತೆ. ಐಫೋನಿನಲ್ಲಿ *3001#12345#* ಅಂತ ಡಯಲ್ ಮಾಡಿ.

ಅಂಕಿ ಯಾವಾಗಲೂ ಮೈನಸ್‌ನಲ್ಲಿ ಇರುತ್ತೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 80ರ ಆಸುಪಾಸು ಇದ್ದರೆ ಸೊಗಸು. ಮೈನಸ್ 100 ಅಂದರೆ ಪರವಾಗಿಲ್ಲ, ಕಾಲ್ ನಡೆಯುತ್ತೆ. ಮೈನಸ್ 110 ದಾಟಿದರೆ ವಿಡಿಯೊ ಸುತ್ತೋಕೆ ಶುರು. ಮೈನಸ್ 120 ಅಂದರೆ ದಾರದ ತುದಿ ಹಿಡಿದ ಹಾಗೆ, ಯಾವಾಗ ಬೇಕಾದರೂ ಜಾರಬಹುದು.

ಇದರಲ್ಲಿ ಒಂದು ವಿಷಯ ಮನಸ್ಸಲ್ಲಿ ಇಟ್ಟುಕೊಳ್ಳಿ. ಇದು ಸಾಮಾನ್ಯ ಎಣಿಕೆ ಅಲ್ಲ. 3 ಕಡಿಮೆಯಾದರೆ ಸಿಗ್ನಲ್ ಅರ್ಧಕ್ಕೆ ಇಳಿದಿದೆ ಅಂತ ಅರ್ಥ. 10 ಕಡಿಮೆಯಾದರೆ ಹತ್ತರಲ್ಲಿ ಒಂದು ಪಾಲು ಉಳಿದಿದೆ. 20 ಕಡಿಮೆಯಾದರೆ ನೂರರಲ್ಲಿ ಒಂದು ಪಾಲು. ಹಾಗಾಗಿ ಮೈನಸ್ 95 ಮತ್ತು ಮೈನಸ್ 115ರ ನಡುವಿನ ವ್ಯತ್ಯಾಸ ನೋಡೋಕೆ ಸಣ್ಣದು, ನಿಜದಲ್ಲಿ ನೂರು ಪಟ್ಟು.

ರೈಲು ನಿಂತಾಗ ಮಾಡುವ ಪರೀಕ್ಷೆ

ಓಡುವ ರೈಲಿನಲ್ಲಿ ಅಂಕಿ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಸೀಟಿನಲ್ಲಿ ಒಂದು ಸಲ, ಬಾಗಿಲ ಹತ್ತಿರ ಒಂದು ಸಲ ನೋಡಿ ಹೋಲಿಸಿದರೆ ಲೆಕ್ಕ ತಪ್ಪುತ್ತೆ, ಯಾಕಂದ್ರೆ ಅಷ್ಟರಲ್ಲಿ ರೈಲೇ ಒಂದು ಕಿಲೋಮೀಟರ್ ಮುಂದೆ ಹೋಗಿರುತ್ತೆ. ಆದ್ದರಿಂದ ರೈಲು ನಿಂತಾಗ ನೋಡಿ.

ನನಗೆ ಆ ಅವಕಾಶ ಸಿಕ್ಕಿದ್ದು ಒಂದು ಸಣ್ಣ ಸ್ಟೇಷನ್ನಿನಲ್ಲಿ. ಎದುರಿನ ರೈಲು ಬರುವ ತನಕ ನಮ್ಮದು ಹತ್ತು ನಿಮಿಷಕ್ಕೂ ಜಾಸ್ತಿ ನಿಂತಿತು. ಬೋಗಿಯ ನಡುವಿನ ಸೀಟಿನಲ್ಲಿ ಫೋನ್ ಮೈನಸ್ 117 ತೋರಿಸುತ್ತಿತ್ತು. ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ, ಮೈನಸ್ 114. ಎದ್ದು ಬಾಗಿಲ ಪಕ್ಕದ ಜಾಗಕ್ಕೆ ಬಂದೆ, ಮೈನಸ್ 105. ಪ್ಲಾಟ್‌ಫಾರ್ಮಿಗೆ ಇಳಿದು ಒಂದೆರಡು ಹೆಜ್ಜೆ ಆಚೆ ನಿಂತೆ. ಪ್ರತಿ ಸಲವೂ ಅಂಕಿ ಸ್ವಲ್ಪ ತಡವಾಗಿ ಬದಲಾಗುತ್ತೆ, ಅದಕ್ಕೇ ಹತ್ತು ಸೆಕೆಂಡ್ ಕಾದೆ. ಮೈನಸ್ 94. ಅದೇ ಫೋನ್, ಅದೇ ಸಿಮ್, ಅದೇ ಟವರ್. ಸೀಟಿಗೂ ಪ್ಲಾಟ್‌ಫಾರ್ಮಿಗೂ 23ರ ವ್ಯತ್ಯಾಸ. ಅಂದರೆ ಹೊರಗೆ ಬರುತ್ತಿದ್ದ ಸಿಗ್ನಲ್ಲಿನಲ್ಲಿ ನನ್ನ ಸೀಟಿಗೆ ತಲುಪುತ್ತಿದ್ದದ್ದು ಇನ್ನೂರರಲ್ಲಿ ಒಂದು ಪಾಲು. ಆಂಟೆನಾ ಬದಲಾಯಿಸಿದ ರಿಪೇರಿಯವರದ್ದೇನೂ ತಪ್ಪಿರಲಿಲ್ಲ. ತೊಂದರೆ ಎಲ್ಲಿದೆ ಅಂತ ನಾನೇ ನೋಡಿರಲಿಲ್ಲ.

ನೀವೂ ಇದನ್ನೇ ಮಾಡಿ. ಒಳಗೂ ಹೊರಗೂ 20ರಷ್ಟು ವ್ಯತ್ಯಾಸ ಬಂದರೆ ದೋಷ ಬೋಗಿಯದ್ದು. ವ್ಯತ್ಯಾಸ 10ಕ್ಕಿಂತ ಕಡಿಮೆ ಇದ್ದು, ಹೊರಗೂ ಮೈನಸ್ 115ರ ಹತ್ತಿರವೇ ಇದ್ದರೆ ಆ ಜಾಗಕ್ಕೇ ಟವರ್ ಸಾಲುತ್ತಿಲ್ಲ. ಇನ್ನು ಪಕ್ಕದಲ್ಲಿ ಕೂತವರು ನಿಮ್ಮದೇ ಕಂಪನಿಯ ಸಿಮ್ ಬಳಸುತ್ತಿದ್ದರೆ ಅವರ ಅಂಕಿಯನ್ನೂ ಕೇಳಿ ನೋಡಿ. 4-5ರ ವ್ಯತ್ಯಾಸಕ್ಕೆ ಬೆಲೆ ಇಲ್ಲ, ಫೋನಿಂದ ಫೋನಿಗೆ ಅಷ್ಟು ಇದ್ದೇ ಇರುತ್ತೆ. ಅವರದ್ದು ನಿಮ್ಮದಕ್ಕಿಂತ 10 ಅಥವಾ ಅದಕ್ಕಿಂತ ಜಾಸ್ತಿ ಚೆನ್ನಾಗಿದ್ದರೆ ಮಾತ್ರ ನಿಮ್ಮ ಫೋನನ್ನು ಅನುಮಾನಿಸಿ. ಇಬ್ಬರೂ 4ಜಿಯಲ್ಲೇ ಇರಬೇಕು. ಒಬ್ಬರು 4ಜಿ ಇನ್ನೊಬ್ಬರು 2ಜಿ ಆದರೆ ಹೋಲಿಕೆ ಕೂಡುವುದಿಲ್ಲ.

ಒಂದು ಮಾತು. ಓಡುವ ರೈಲಿನ ಬಾಗಿಲಲ್ಲಿ ಸಿಗ್ನಲ್‌ಗಾಗಿ ಹೊರಗೆ ಬಾಗಬೇಡಿ, ಕಿಟಕಿಯಿಂದ ಕೈ ಹೊರಗೆ ಚಾಚಬೇಡಿ. ಯಾವ ಫೋನ್ ಕಾಲ್‌ಗೂ ಅಷ್ಟು ಬೆಲೆ ಇಲ್ಲ. ಇಳಿಯುವುದೂ ರೈಲು ಸಾಕಷ್ಟು ಹೊತ್ತು ನಿಲ್ಲುವ ಕಡೆ ಮಾತ್ರ.

ಬೋಗಿ ಹೇಗೆ ಸಿಗ್ನಲ್ ತಿನ್ನುತ್ತೆ

ಬೋಗಿ ಅಂದರೆ ಸುತ್ತಲೂ ಲೋಹದ ಡಬ್ಬ. ಲೋಹ ರೇಡಿಯೊ ಅಲೆಯನ್ನು ಹಿಂದಕ್ಕೆ ತಳ್ಳುತ್ತೆ. ಒಳಗೆ ಬರೋಕೆ ಇರುವ ಮುಖ್ಯ ದಾರಿ ಕಿಟಕಿ. ಹಳೆಯ ಬೋಗಿಗಳಲ್ಲಿ ಕಿಟಕಿಗೆ ಬರೀ ಸಾದಾ ಗಾಜು, ಅಲೆ ಅದರಲ್ಲಿ ಹೆಚ್ಚು ಸೋರದೆ ಒಳಗೆ ಬರುತ್ತಿತ್ತು. ಹೊಸ ಎಸಿ ಬೋಗಿಗಳ ಗಾಜು ಹಾಗಲ್ಲ. ಬಿಸಿಲಿನ ಕಾವು ಒಳಗೆ ಬಾರದಿರಲಿ ಅಂತ ಅದಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಹಾಕಿರುತ್ತಾರೆ. ಕಾವನ್ನು ತಡೆಯುವ ಆ ಲೇಪ ಮೊಬೈಲ್ ಅಲೆಯನ್ನೂ ತಡೆಯುತ್ತೆ. ಇಂಥ ಗಾಜಿನಿಂದಲೇ ಅಂಕಿ 20ರಿಂದ 30ರಷ್ಟು ಬೀಳೋದು ಸಾಮಾನ್ಯ. ಅದಕ್ಕೇ ನನ್ನ ಫೋನನ್ನು ಗಾಜಿಗೆ ಒತ್ತಿದರೂ ಬರೀ 3 ಮಾತ್ರ ಸುಧಾರಿಸಿತ್ತು.

ದುಡ್ಡು ಜಾಸ್ತಿ ಕೊಟ್ಟು ತಣ್ಣಗಿನ, ಹೊಸ ಬೋಗಿಯಲ್ಲಿ ಕೂತವರಿಗೆ ಸಿಗ್ನಲ್ ಕಡಿಮೆ ಸಿಗುವುದು ಇದರಿಂದಲೇ. ಹಳೆಯ ಬೋಗಿಯಲ್ಲಿ ಕಿಟಕಿ ತೆರೆದು ಕೂತವರು ಅದೇ ರೈಲಿನಲ್ಲಿ ಆರಾಮಾಗಿ ಮಾತಾಡುತ್ತಿರುತ್ತಾರೆ.

ಇದಕ್ಕೆ ಪರಿಹಾರ ಇಲ್ಲವೇ ಅಂದರೆ ಇದೆ. ಗಾಜಿನ ಲೇಪದ ಮೇಲೆ ಲೇಸರ್‌ನಿಂದ ಕೂದಲಿಗಿಂತ ಸಣ್ಣ ಗೆರೆಗಳನ್ನು ಕೊರೆಯುತ್ತಾರೆ. ಲೇಪ ಚೂರುಚೂರಾಗುವುದರಿಂದ ಮೊಬೈಲ್ ಅಲೆ ಒಳಗೆ ನುಗ್ಗುತ್ತೆ, ಬಿಸಿಲಿನ ಕಾವು ಮಾತ್ರ ಹೊರಗೇ ಉಳಿಯುತ್ತೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಕೆಲವು ರೈಲುಗಳಲ್ಲಿ ಇಂಥ ಗಾಜು ಈಗಾಗಲೇ ಇದೆ. ಇನ್ನು ಕೆಲವು ಕಡೆ ಬೋಗಿಯ ಛಾವಣಿಯ ಮೇಲೆ ಆಂಟೆನಾ ಇಟ್ಟು, ಒಳಗೆ ರಿಪೀಟರ್ ಹಾಕಿ ಸಿಗ್ನಲ್ ಹಂಚುತ್ತಾರೆ. ಎರಡೂ ರೈಲಿನವರೇ ಮಾಡಬೇಕಾದ ಕೆಲಸ, ನಮ್ಮ ಕೈಯಲ್ಲಿ ಇಲ್ಲ. ಸ್ವಂತವಾಗಿ ಒಂದು ಬೂಸ್ಟರ್ ಕೊಂಡು ತಂದು ಹಾಕಿಕೊಂಡರೆ ಆಯ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅನುಮತಿ ಇಲ್ಲದ ಬೂಸ್ಟರ್ ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಮತ್ತು ಅದು ಸುತ್ತಲಿನ ಎಲ್ಲರ ಸಿಗ್ನಲ್ ಕೆಡಿಸಬಹುದು.

ರೈಲು ಚಾಲಕರಿಗೆ ಕಂಟ್ರೋಲ್ ರೂಮಿನ ಜೊತೆ ಮಾತಾಡೋಕೆ ಆಗುತ್ತೆ, ನಮಗೆ ಯಾಕಾಗಲ್ಲ ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅನೇಕ ದೇಶಗಳಲ್ಲಿ ರೈಲ್ವೆಗೆ ತನ್ನದೇ ಬೇರೆ ರೇಡಿಯೊ ಜಾಲ ಇರುತ್ತೆ. ಅದರ ಟವರುಗಳು ಹಳಿಯ ಉದ್ದಕ್ಕೂ ಇರುತ್ತವೆ, ಆಂಟೆನಾ ಎಂಜಿನ್ನಿನ ತಲೆಯ ಮೇಲಿರುತ್ತೆ. ಆ ಅಲೆಗೆ ಲೋಹದ ಗೋಡೆಯನ್ನೂ ಲೇಪದ ಗಾಜನ್ನೂ ದಾಟುವ ಕಷ್ಟವೇ ಇಲ್ಲ.

ಬೋಗಿಯದ್ದೇ ದೋಷ ಅಂತ ಗೊತ್ತಾದರೆ ನೀವು ಮಾಡಬಹುದಾದದ್ದು ಜಾಗ ಬದಲಾಯಿಸುವುದು. ಬಾಗಿಲ ಪಕ್ಕದ ಜಾಗ ಮತ್ತು ಎರಡು ಬೋಗಿಗಳ ನಡುವಿನ ರಬ್ಬರ್ ಹೊದಿಕೆಯ ದಾರಿ ಸಾಮಾನ್ಯವಾಗಿ ನಡುವಿನ ಸೀಟಿಗಿಂತ ವಾಸಿ. ಕಾಲ್ ಮುಖ್ಯವಾಗಿದ್ದರೆ ಅಲ್ಲಿಗೆ ಹೋಗಿ, ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡು ಮಾತಾಡಿ. ರೈಲಿನ ಎರಡು ಬದಿಯಲ್ಲೂ ಒಮ್ಮೆ ನೋಡಿ. ಟವರ್ ಯಾವ ಕಡೆ ಇದೆಯೋ ಆ ಕಡೆಯ ಕಿಟಕಿಯಲ್ಲಿ ಅಂಕಿ ಸುಧಾರಿಸುತ್ತೆ.

ದಾರಿಯ ದೋಷ

ಪ್ರತಿ ಸಲ ಅದೇ ಜಾಗದಲ್ಲಿ, ಅದೇ ಸೇತುವೆ ದಾಟಿದ ಮೇಲೆ, ಅದೇ ಎರಡು ಸ್ಟೇಷನ್‌ಗಳ ನಡುವೆ ಕಾಲ್ ಕಟ್ ಆಗುತ್ತಿದ್ದರೆ ಅದು ದಾರಿಯ ದೋಷ. ಟವರುಗಳನ್ನು ಊರಿನ ಜನರಿಗಾಗಿ ಹಾಕುತ್ತಾರೆ, ಅವುಗಳ ಆಂಟೆನಾ ಮನೆಗಳ ಕಡೆ ಮುಖ ಮಾಡಿರುತ್ತೆ. ಹಳಿ ಊರಿನ ಬೆನ್ನಿಗೆ ಹಾದು ಹೋಗಿರುತ್ತೆ. ಜೊತೆಗೆ ಮಣ್ಣು ಕಡಿದು ತಗ್ಗಿನಲ್ಲಿ ಹಳಿ ಹಾಕಿದ ಕಡೆ ಎರಡೂ ಬದಿಯ ದಿಬ್ಬವೇ ಸಿಗ್ನಲ್ಲಿಗೆ ಗೋಡೆ. ಸುರಂಗದಲ್ಲಂತೂ ಹೇಳುವುದೇ ಬೇಡ. ಅಲ್ಲಿ ಸಿಗ್ನಲ್ ಬೇಕಾದರೆ ಗೋಡೆಯ ಉದ್ದಕ್ಕೂ ಸಣ್ಣ ಸೀಳುಗಳಿರುವ ದಪ್ಪ ಕೇಬಲ್ ಎಳೆಯಬೇಕು, ಆ ಸೀಳುಗಳಿಂದ ಅಲೆ ಹೊರಗೆ ಸೋರುತ್ತೆ. ಅಂಥ ವ್ಯವಸ್ಥೆ ಇಲ್ಲದಿದ್ದರೆ ಫೋನಿನಲ್ಲಿ ಏನು ಮಾಡಿದರೂ ಉಪಯೋಗ ಇಲ್ಲ.

ರೈಲಿನ ವೇಗದಿಂದ ಸಿಗ್ನಲ್ ಹಾಳಾಗುತ್ತೆ ಅನ್ನುವ ಮಾತು ಅರ್ಧ ನಿಜ. ವೇಗಕ್ಕೆ ಅಲೆಯ ಆವರ್ತನ ಸ್ವಲ್ಪ ಜಾರುತ್ತೆ. ಗಂಟೆಗೆ 100 ಕಿಲೋಮೀಟರ್ ಓಡುವಾಗ 1800 ಮೆಗಾಹರ್ಟ್ಸ್ ಅಲೆ ಸುಮಾರು 170 ಹರ್ಟ್ಸ್ ಜಾರುತ್ತೆ. 4ಜಿಗೆ ಅದು ಲೆಕ್ಕಕ್ಕೇ ಇಲ್ಲ. ಗಂಟೆಗೆ 350 ಕಿಲೋಮೀಟರ್ ವೇಗದಲ್ಲೂ ನಡೆಯುವ ಹಾಗೆ ಅದನ್ನು ರೂಪಿಸಿದ್ದಾರೆ.

ವೇಗ ನಿಜವಾಗಿ ಕಾಡುವುದು ಒಂದು ಟವರಿನಿಂದ ಇನ್ನೊಂದಕ್ಕೆ ಕೈ ಬದಲಾಗುವಾಗ. 100 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಟವರುಗಳು 3 ಕಿಲೋಮೀಟರಿಗೆ ಒಂದರಂತೆ ಇದ್ದರೆ ಎರಡು ನಿಮಿಷಕ್ಕೂ ಮೊದಲೇ ಟವರ್ ಬದಲಾಗಬೇಕು. ಫೋನ್ ಪಕ್ಕದ ಟವರಿನ ಬಲ ಅಳೆದು ಈಗಿನ ಟವರಿಗೆ ವರದಿ ಕೊಡುತ್ತೆ. ಟವರ್ "ಸರಿ, ಆಚೆ ಹೋಗು" ಅಂತ ಅಪ್ಪಣೆ ಕೊಡುತ್ತೆ. ಎಲ್ಲವೂ ನೆಟ್ಟಗಿದ್ದರೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ, ನಿಮಗೆ ಗೊತ್ತೂ ಆಗಲ್ಲ. ಆದರೆ ರೈಲು ಸುರಂಗದ ಬಾಯಿಗೋ ದಿಬ್ಬದ ಮರೆಗೋ ಸಟ್ಟನೆ ನುಗ್ಗಿದರೆ ಆ ಅಪ್ಪಣೆ ತಲುಪುವ ಮೊದಲೇ ಹಳೆಯ ಟವರಿನ ಸಿಗ್ನಲ್ ಸತ್ತಿರುತ್ತೆ. ಆಗಲೇ ಕಾಲ್ ಕಟ್ ಆಗೋದು. ಫೋನ್ ಮೊದಲಿನಿಂದ ಟವರ್ ಹುಡುಕಬೇಕಾಗುತ್ತೆ.

ಇನ್ನೊಂದು ಲಕ್ಷಣ ಗುರುತಿಸಿಕೊಳ್ಳಿ. ಆ ಕಡೆಯವರ ಮಾತು ನಿಮಗೆ ಸ್ಪಷ್ಟವಾಗಿ ಕೇಳುತ್ತೆ, ಅವರು ಮಾತ್ರ "ಹಲೋ, ಹಲೋ, ಕೇಳಿಸ್ತಿಲ್ಲ" ಅನ್ನುತ್ತಿರುತ್ತಾರೆ. ಮೈಕ್ ಕೆಟ್ಟಿದೆ ಅಂದುಕೊಂಡು ಜನ ರಿಪೇರಿಗೆ ಓಡುತ್ತಾರೆ. ನಿಜವಾದ ಕಾರಣ ಬೇರೆ. ಟವರ್ ಹತ್ತಾರು ವಾಟ್ ಬಲದಲ್ಲಿ ಕೂಗುತ್ತೆ. ನಿಮ್ಮ 4ಜಿ ಫೋನಿನ ಗರಿಷ್ಠ ಬಲ 0.2 ವಾಟ್. ದೂರ ಜಾಸ್ತಿಯಾದಾಗ ಮೊದಲು ಸೋಲುವುದು ಫೋನಿನ ದನಿಯೇ. ಮನೆಯಲ್ಲಿ ಮೈಕ್ ಸರಿಯಾಗಿದ್ದರೆ ಫೋನ್ ಬಿಚ್ಚಿಸಬೇಡಿ. ರೈಲಿನಲ್ಲಿ ಬ್ಯಾಟರಿ ಬೇಗ ಇಳಿಯುವುದಕ್ಕೂ ಇದೇ ಕಾರಣ, ಫೋನ್ ತನ್ನ ಪೂರ್ತಿ ಶಕ್ತಿ ಹಾಕಿ ಕೂಗುತ್ತಲೇ ಇರುತ್ತೆ.

ಫೋನಿನದ್ದೇ ದೋಷ ಅಂತ ಗೊತ್ತಾದರೆ

ಮೊದಲು ಫ್ಲೈಟ್ ಮೋಡ್ ಹಾಕಿ, ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ಇದು ಸುಮ್ನೆ ಮಾಡುವ ಶಾಸ್ತ್ರ ಅಲ್ಲ. ಕೆಲವು ಸಲ ಫೋನ್ ದೂರದ ಟವರನ್ನೋ 2ಜಿಯನ್ನೋ ಹಿಡಿದು ಕೂತುಬಿಡುತ್ತೆ. ಹೀಗೆ ಮಾಡಿದಾಗ ಅದು ಹೊಸದಾಗಿ ಹುಡುಕಿ ಹತ್ತಿರದ್ದನ್ನು ಹಿಡಿಯುತ್ತೆ. ಆದರೆ ಐದು ನಿಮಿಷಕ್ಕೊಮ್ಮೆ ಮಾಡಬೇಡಿ, ಪ್ರತಿ ಹುಡುಕಾಟಕ್ಕೂ ಬ್ಯಾಟರಿ ಖರ್ಚಾಗುತ್ತೆ.

ಆಮೇಲೆ ನೆಟ್‌ವರ್ಕ್ ಆಯ್ಕೆ 'ಆಟೋಮ್ಯಾಟಿಕ್'ನಲ್ಲಿದೆಯೇ ನೋಡಿ. ಹಿಂದೆ ಯಾವಾಗಲೋ ಕೈಯಾರೆ ಒಂದನ್ನು ಆರಿಸಿ ಮರೆತಿದ್ದರೆ ಫೋನ್ ಅದನ್ನೇ ಹಿಡಿದುಕೊಂಡಿರುತ್ತೆ.

ವೋಲ್ಟಿ (VoLTE), ಅಂದರೆ 4ಜಿಯಲ್ಲೇ ಕಾಲ್ ನಡೆಸುವ ಸೌಲಭ್ಯ, ಆನ್ ಇರಬೇಕು. ಅದು ಆಫ್ ಆಗಿದ್ದರೆ ಪ್ರತಿ ಕಾಲ್ ಬಂದಾಗಲೂ ಫೋನ್ 4ಜಿ ಬಿಟ್ಟು 2ಜಿ ಅಥವಾ 3ಜಿಗೆ ಇಳಿಯಬೇಕು. ಓಡುವ ರೈಲಿನಲ್ಲಿ ಇಳಿಯುವಾಗಲೂ ಹತ್ತುವಾಗಲೂ ಎಡವುತ್ತೆ. ಆ ಹಳೆಯ ಜಾಲಗಳನ್ನು ಹಲವು ದೇಶಗಳಲ್ಲಿ ಮುಚ್ಚುತ್ತಲೂ ಇದ್ದಾರೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ನಿಲ್ಲಿಸಿದವು. ಇಳಿಯೋಕೆ ಜಾಗವೇ ಇಲ್ಲದಿದ್ದರೆ ಕಾಲ್ ಹತ್ತುವುದೇ ಇಲ್ಲ.

5ಜಿ ಫೋನ್ ಇದ್ದವರು ಪ್ರಯಾಣದ ಹೊತ್ತಿಗೆ 4ಜಿಗೆ ಬದಲಾಯಿಸಿ ನೋಡಿ. 3500 ಮೆಗಾಹರ್ಟ್ಸ್ ಸುತ್ತಮುತ್ತಲಿನ 5ಜಿ ಅಲೆ ಹೆಚ್ಚು ದೂರ ಹೋಗಲ್ಲ. ಹಾಗಾಗಿ ಫೋನ್ ಊರು ಬಂದಾಗ 5ಜಿ, ಊರು ದಾಟಿದಾಗ 4ಜಿ ಅಂತ ಹಾರುತ್ತಲೇ ಇರುತ್ತೆ. 700ರಿಂದ 900 ಮೆಗಾಹರ್ಟ್ಸ್ ಅಲೆಗಳು ದೂರ ಹೋಗುತ್ತವೆ. ಹೊರದೇಶದಿಂದ ತಂದ ಅಥವಾ ತೀರಾ ಹಳೆಯ ಫೋನಿಗೆ ನಿಮ್ಮ ಕಂಪನಿ ಬಳಸುವ ಈ ಕಡಿಮೆ ಆವರ್ತನದ ಅಲೆಗಳನ್ನು ಹಿಡಿಯೋಕೆ ಬರದೇ ಇರಬಹುದು. ಊರಿನಲ್ಲಿ ಏನೂ ಗೊತ್ತಾಗಲ್ಲ, ಬಯಲಿಗೆ ಬಂದಾಗ ಮಾತ್ರ ಸಿಗ್ನಲ್ ಸಾಯುತ್ತೆ. ಪಕ್ಕದವರ ಫೋನಿಗೂ ನಿಮ್ಮದಕ್ಕೂ ದೊಡ್ಡ ವ್ಯತ್ಯಾಸ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಲೋಹದ ಕವರ್, ಹಿಂದೆ ಅಂಟಿಸಿದ ಮ್ಯಾಗ್ನೆಟ್ ತಗಡು ಇದ್ದರೆ ತೆಗೆದು ನೋಡಿ. ಫೋನ್ ಹಿಡಿಯುವ ರೀತಿಯೂ ಮುಖ್ಯ. 2010ರಲ್ಲಿ ಬಂದ ಐಫೋನ್ 4ರಲ್ಲಿ ಕೆಳಗಿನ ಎಡ ಮೂಲೆಗೆ ಕೈ ತಾಗಿದರೆ ಸಾಕು, ಸಿಗ್ನಲ್ ಬೀಳುತ್ತಿತ್ತು. ಕಂಪನಿ ಕೊನೆಗೆ ಕವರುಗಳನ್ನು ಪುಕ್ಕಟೆ ಹಂಚಿತು. ಈಗಿನ ಫೋನುಗಳಲ್ಲಿ ಅಷ್ಟಿಲ್ಲ, ಆದರೂ ಸಿಗ್ನಲ್ ಅಂಚಿನಲ್ಲಿದ್ದಾಗ ಸ್ಪೀಕರ್ ಹಾಕಿಯೋ ಇಯರ್‌ಫೋನ್ ಹಾಕಿಯೋ ಮಾತಾಡಿದರೆ ಕೈಯೂ ತಲೆಯೂ ಅಡ್ಡ ಬರಲ್ಲ. ಕಿಟಕಿ ಬಿಸಿಲಿನಲ್ಲಿಟ್ಟು ಚಾರ್ಜ್ ಹಾಕಿದ ಫೋನ್ ತುಂಬಾ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳೋಕೆ ರೇಡಿಯೊದ ಬಲವನ್ನೇ ತಗ್ಗಿಸಬಹುದು. ನೆರಳಿಗೆ ತಂದು ಆರಲು ಬಿಡಿ.

ಸಿಗ್ನಲ್ ಇದೆ, ನೆಟ್ ಇಲ್ಲ

ಅಂಕಿ ಮೈನಸ್ 85, ಕಡ್ಡಿ ಪೂರ್ತಿ, ಒಂದು ಮೆಸೇಜೂ ಹೋಗಲ್ಲ. ಇದು ದಟ್ಟಣೆ. ಹಳಿ ಪಕ್ಕದ ಟವರಿನ ವ್ಯಾಪ್ತಿಗೆ ಸಾವಿರ ಜನರ ರೈಲು ಒಟ್ಟಿಗೆ ನುಗ್ಗುತ್ತೆ. ಸಿಗ್ನಲ್ ಇಲ್ಲದ ಜಾಗ ದಾಟಿ ಬಂದಿದ್ದರಂತೂ ಅಷ್ಟೂ ಫೋನುಗಳು ತಡೆದಿಟ್ಟುಕೊಂಡ ಮೆಸೇಜು, ಫೋಟೊಗಳನ್ನು ಒಂದೇ ಸಲಕ್ಕೆ ಕಳಿಸೋಕೆ ನೋಡುತ್ತವೆ. ಇದಕ್ಕೆ ಸೀಟು ಬದಲಾಯಿಸಿ ಲಾಭ ಇಲ್ಲ. ಒಂದೆರಡು ನಿಮಿಷ ಕಾಯಿರಿ. ಬೇರೆ ಕಂಪನಿಯ ಎರಡನೇ ಸಿಮ್ ಇದ್ದರೆ ಡೇಟಾವನ್ನು ಅದಕ್ಕೆ ಹಾಕಿ. ಇದೇ ದಾರಿಯಲ್ಲಿ ದಿನಾ ಓಡಾಡುವವರಿಗೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ನೆರವಾಗುವುದು ಈ ಎರಡನೇ ಸಿಮ್.

ರೈಲಿನ ವೈ-ಫೈಯಲ್ಲೂ ಇದೇ ಗೊಂದಲ. ವೈ-ಫೈ ಗುರುತು ಪೂರ್ತಿ ಇದ್ದರೆ ಫೋನಿಗೂ ಬೋಗಿಯ ಪೆಟ್ಟಿಗೆಗೂ ಸಂಪರ್ಕ ಚೆನ್ನಾಗಿದೆ ಅಂತ ಮಾತ್ರ ಅರ್ಥ. ಆ ಪೆಟ್ಟಿಗೆಗೆ ಇಂಟರ್ನೆಟ್ ಬರುವುದೂ ಹೆಚ್ಚಾಗಿ ಛಾವಣಿಯ ಆಂಟೆನಾದಿಂದ, ಅದೇ ಮೊಬೈಲ್ ಟವರುಗಳಿಂದ. ಪ್ಲಸ್ ಅಂದರೆ ಆ ಆಂಟೆನಾ ಗೋಡೆಯ ಹೊರಗಿದೆ. ಆದ್ದರಿಂದ ದೋಷ ಬೋಗಿಯದ್ದಾಗಿದ್ದರೆ ವೈ-ಫೈ ಉಪಯೋಗಕ್ಕೆ ಬರುತ್ತೆ, ವೈ-ಫೈ ಕಾಲಿಂಗ್ ಆನ್ ಮಾಡಿಕೊಂಡರೆ ಮಾತೂ ಆಡಬಹುದು. ದೋಷ ದಾರಿಯದ್ದಾಗಿದ್ದರೆ ವೈ-ಫೈಯೂ ಕೈ ಕೊಡುತ್ತೆ.

ತುರ್ತು ಇದ್ದಾಗ

ಸಿಗ್ನಲ್ ಬಂದು ಹೋಗಿ ಮಾಡುವಾಗ ಕಾಲ್ ಮಾಡೋಕೆ ಹೆಣಗಬೇಡಿ. ಎಸ್ಸೆಮ್ಮೆಸ್ ಕಳಿಸಿ. ಅದಕ್ಕೆ ಕ್ಷಣಕಾಲದ ಸಿಗ್ನಲ್ ಸಾಕು, ಆ ಕಡೆಯವರ ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಕಂಪನಿಯ ಕಡೆ ಉಳಿದು ಆಮೇಲೆ ತಲುಪುತ್ತೆ. ಅವತ್ತು ನನ್ನ ತಮ್ಮ ಎರಡು ಪದದ ಎಸ್ಸೆಮ್ಮೆಸ್ ಹಾಕಿದ್ದರೆ ಆ 22 ನಿಮಿಷ ಇರುತ್ತಿರಲಿಲ್ಲ. ಈಗ ನಾವಿಬ್ಬರೂ ಹಾಗೆ ಮಾತಾಡಿಕೊಂಡಿದ್ದೇವೆ, ಕಾಲ್ ಕಟ್ ಆದರೆ ಮುಖ್ಯವಾದ ಮಾತನ್ನು ತಕ್ಷಣ ಬರೆದು ಕಳಿಸುವುದು. 112ರಂಥ ತುರ್ತು ಸಂಖ್ಯೆಗೆ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಪ್ರಯತ್ನಿಸಿ. ಅಂಥ ಕಾಲ್ ಅಲ್ಲಿ ಸಿಗುವ ಬೇರೆ ಕಂಪನಿಯ ಜಾಲದ ಮೂಲಕವೂ ಹೋಗಬಹುದು.

ದಾರಿಯದ್ದೇ ದೋಷ ಅಂತ ಖಚಿತವಾದರೆ ಕಂಪನಿಗೆ ದೂರು ಕೊಡಿ. "ರೈಲಿನಲ್ಲಿ ನೆಟ್‌ವರ್ಕ್ ಬರಲ್ಲ" ಅಂತ ಬರೆದರೆ ಅವರು ಫೋನ್ ಆಫ್ ಮಾಡಿ ಆನ್ ಮಾಡಿ ಅಂತಾರೆ, ಅಷ್ಟೇ. ಯಾವ ಎರಡು ಸ್ಟೇಷನ್‌ಗಳ ನಡುವೆ, ಹಳಿ ಪಕ್ಕದ ಎಷ್ಟನೇ ಕಿಲೋಮೀಟರ್ ಕಲ್ಲಿನ ಹತ್ತಿರ, ಯಾವ ದಿನ, ಎಷ್ಟು ಗಂಟೆಗೆ, ಅಂಕಿ ಎಷ್ಟಿತ್ತು, 4ಜಿಯೋ 5ಜಿಯೋ, ಇವಿಷ್ಟನ್ನು ಬರೆಯಿರಿ. ಬೇರೆ ಬೇರೆ ದಿನದ ಮೂರು ಸ್ಕ್ರೀನ್‌ಶಾಟ್ ಜೊತೆಗೆ ಸೇರಿಸಿ. ಬೋಗಿಯದ್ದಾದರೆ ದೂರು ಹೋಗಬೇಕಾದದ್ದು ರೈಲಿನವರಿಗೆ. ಅದರಲ್ಲಿ ಬೋಗಿಯ ಸಂಖ್ಯೆ, ಸೀಟಿನಲ್ಲಿ ಬಂದ ಅಂಕಿ, ಪ್ಲಾಟ್‌ಫಾರ್ಮಿನಲ್ಲಿ ಬಂದ ಅಂಕಿ ಮೂರೂ ಇರಲಿ.